ಬೋರ್ಡು ಬದಲಿಸಿದ ರೇಡಿಯೊ ಮಾಸ್ತರರು

ರೇಡಿಯೊ ಮಾಸ್ತರರ ಬೆರಳತುದಿಗಳ ತುಂಬ ಬೆಸುಗೆಯ ಸುಟ್ಟ ಚುಕ್ಕಿಗಳಿದ್ದವು. ಚಪ್ಪಲಿ ಹೊರಗೆ ಬಿಟ್ಟು, ಆ ಬೆರಳುಗಳಿಂದ ಕಿಟಕಿಯ ಕಬ್ಬಿಣದ ಸರಳನ್ನು ಗಟ್ಟಿಯಾಗಿ ಹಿಡಿದು ಅರೆನಿಮಿಷ ನಿಂತ ಮೇಲೆಯೇ ಅವರು ನಮ್ಮ ಆಫೀಸಿನ ಕಂಪ್ಯೂಟರಿಗೆ ಕೈ ಹಚ್ಚುತ್ತಿದ್ದದ್ದು. ಮೈಮೇಲಿನ ವಿದ್ಯುತ್ತು ಸರಳಿಗೆ ಇಳಿಯಲಿ, ಒಳಗಿನ ನಾಜೂಕು ಸಾಮಾನಿಗೆ ತಾಗದಿರಲಿ ಎಂಬುದು ಅವರ ಕಾಳಜಿ. ನಮ್ಮ ಸಿಪಾಯಿಗೆ ಮಾತ್ರ ಅದು ನಮಸ್ಕಾರವಾಗಿ ಕಂಡಿತ್ತು. ಎರಡನೆಯ ಸಲ ಅವರು ಬರುವಷ್ಟರಲ್ಲಿ ಆ ಸರಳಿಗೆ ವಿಭೂತಿ ಬಿದ್ದಿತ್ತು. ಮಾಸ್ತರರು ಅಳಿಸಲಿಲ್ಲ, ನಗಲೂ ಇಲ್ಲ. ಪಕ್ಕದ ಸರಳು ಹಿಡಿದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಿರೇಕೆರೂರಿನ ಬೀಜದ ಆಫೀಸೊಂದರಲ್ಲಿ ನಾನು ಹಂಗಾಮಿ ಕ್ಲಾರ್ಕ್ ಆಗಿದ್ದೆ. ಯಾವ ರೈತರ ಹತ್ತಿ ಬೀಜ ಮೊಳಕೆ ಪರೀಕ್ಷೆಯಲ್ಲಿ ಪಾಸಾಯಿತು, ಯಾರದು ನಪಾಸಾಯಿತು ಎಂಬುದನ್ನೆಲ್ಲ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಹಾಕಿದ ಮೇಲೆ ಫಲಿತಾಂಶದ ಚೀಟಿ ಹರಿದು ಬುಟ್ಟಿಗೆಸೆಯುತ್ತಿದ್ದೆ. ಎಂಥ ಜಾಣೆ ನೋಡಿ!

ಮಾಸ್ತರರಿಗೆ ಸವಣೂರಿನಲ್ಲಿ ಸಣ್ಣದೊಂದು ರೇಡಿಯೊ ರಿಪೇರಿ ಅಂಗಡಿ. ಕಂಪ್ಯೂಟರ್ ವಿದ್ಯೆಯನ್ನು ಹುಬ್ಬಳ್ಳಿಯಲ್ಲಿ ಯಾರದೋ ಬೆನ್ನಿಗೆ ಬಿದ್ದು ಕಲಿತಿದ್ದರು. ಕೆಟ್ಟ ರೇಡಿಯೊ ಬಂದರೆ ಮುಳ್ಳು ಯಾವ ಸ್ಟೇಶನ್ನಿನ ಮೇಲಿದೆ, ದನಿ ಎಷ್ಟಕ್ಕಿದೆ ಎಂದು ಮೊದಲು ಬರೆದುಕೊಳ್ಳುವವರು. ರಿಪೇರಿಯಾದ ಮೇಲೆ ಎರಡನ್ನೂ ಅಲ್ಲಿಗೇ ತಂದಿಟ್ಟು ಕೊಡುತ್ತಿದ್ದರು. "ನಮ್ಮ ಕೈಗೆ ಬರೂ ಮುಂದ ಹೆಂಗಿತ್ತೋ, ಹೋಗೂ ಮುಂದನೂ ಹಂಗ ಇರಬೇಕ ತಂಗಿ. ಒಳಗ ನಾವು ಏನರ ಮಾಡಿರ್ಲಿ, ಅವರಿಗೆ ತಮ್ಮ ರೇಡಿಯೊ ಅನಸಬೇಕು" ಎನ್ನುತ್ತಿದ್ದರು.

ಬಿತ್ತನೆಗೆ ಇನ್ನು ಹದಿನೈದು ದಿನವಿದೆ ಎನ್ನುವಾಗ ವೋಲ್ಟೇಜು ಒಮ್ಮೆಲೇ ಏರಿ ನಮ್ಮ ಕಂಪ್ಯೂಟರ್ ಸುಟ್ಟ ವಾಸನೆ ಬಿಟ್ಟು ಕಣ್ಮುಚ್ಚಿತು. ಪಟ್ಟಿ ಹೋದರೆ ಬೀಜವನ್ನೆಲ್ಲ ಮತ್ತೆ ಪರೀಕ್ಷೆ ಮಾಡಬೇಕು. ಅಷ್ಟರಲ್ಲಿ ಹಂಗಾಮು ಮುಗಿದು, ಚಲೋ ಬೀಜವೂ ಗೋದಾಮಿನಲ್ಲೇ ಕೂರುತ್ತಿತ್ತು. ಪ್ರತಿ ಶನಿವಾರ ಪಟ್ಟಿಯ ಕಾಪಿಯನ್ನು ಫ್ಲಾಪಿಗೆ ತೆಗೆದಿಡಬೇಕೆಂದು ನನಗೆ ಕಟ್ಟಪ್ಪಣೆಯಿತ್ತು. ನಾನೋ, ಬಂಕಾಪುರದಲ್ಲಿದ್ದ ಅವ್ವನ ಹತ್ತಿರ ಹೋಗುವ ಅವಸರದಲ್ಲಿ ಐದು ತಿಂಗಳಿಂದ ತೆಗೆದೇ ಇರಲಿಲ್ಲ.

ಸುಟ್ಟ ವಾಸನೆಯ ಸುದ್ದಿ ಕೇಳಿಯೇ ಊಹಿಸಿದ ಮಾಸ್ತರರು ಎರಡು ಬಸ್ಸು ಬದಲಿಸಿ, ಹೊಸ ಮದರ್‌ಬೋರ್ಡನ್ನು ಚೀಲದಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆಯೇ ಬಂದರು. ಒಳಗೆ ನೋಡಿ, "ಎತ್ತು ಸತ್ತೈತಿ, ಬಂಡ್ಯಾಗಿನ ಸಾಮಾನು ಹಂಗ ಐತಿ. ಅಳಬ್ಯಾಡ" ಎಂದರು. ಪಟ್ಟಿಯಿರುವುದು ಹಾರ್ಡ್ ಡಿಸ್ಕಿನಲ್ಲಿ. ಸುಟ್ಟದ್ದು ಬೋರ್ಡು ಮಾತ್ರ. ಪ್ರತಿ ತಂತಿಗೂ ಒಂದೊಂದು ಬಣ್ಣದ ದಾರ ಕಟ್ಟಿ ಬಿಚ್ಚಿದರು, ಹೊಸ ಬೋರ್ಡು ಕೂರಿಸಿ ಹಾಗೆಯೇ ಜೋಡಿಸಿದರು.

ಆದರೆ ಈ ಡಿಸ್ಕು ಯಾವ ನಮೂನೆಯದು ಎಂದು ಹೊಸ ಬೋರ್ಡಿಗೆ ನಾವೇ ಒಂದು ನಂಬರು ಹೇಳಬೇಕಿತ್ತು. ಅದನ್ನು ಗೊತ್ತು ಮಾಡಿಕೊಳ್ಳಲು ಬೇಕಾದ ವಿವರವೆಲ್ಲ ಡಿಸ್ಕಿನ ಮೇಲಿನ ಚೀಟಿಯಲ್ಲಿತ್ತು. ನೋಡಿದರೆ ಚೀಟಿ ತುಂಬ ಕೆಂಪು!

"ಏನಿದು?" ಎಂದರು ಮಾಸ್ತರರು.

"ದಸರಾದಾಗ ಖಂಡೆಪೂಜಿ ದಿನ ಕುಂಕುಮ ಹಚ್ಚೇನ್ರಿ" ಎಂದ ಸಿಪಾಯಿ. "ಬರೇ ಡಬ್ಬಿಗೆ ಪೂಜಿ ಮಾಡಿದ್ರ ಒಳಗಿನ ದೇವರಿಗೆ ಮುಟ್ಟತೈತೇನ್ರಿ? ಅಕ್ಕಾರ ಮುಚ್ಚಳ ತಗದಕೊಟ್ರು."

ನಿಜ, ಸ್ಕ್ರೂ ಬಿಚ್ಚಿಕೊಟ್ಟವಳು ನಾನೇ. ಎಣ್ಣೆಯಲ್ಲಿ ಕಲಸಿದ ಕುಂಕುಮದ ಕೆಳಗೆ ಅಕ್ಷರಗಳೆಲ್ಲ ಕರಗಿಹೋಗಿದ್ದವು. ಮಾಸ್ತರರು ದನಿ ಇಳಿಸಿ, "ಕಾಪಿ ಎಲ್ಲಿ ಐತಿ ತಂಗಿ?" ಎಂದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಸಾಹೇಬರು ಬಂದರು.

"ಯಾಕ ಇಷ್ಟ ತ್ರಾಸು? ಡಿಸ್ಕ್ ಅಳಿಸಿ ಹೊಸದಾಗಿ ಮಾಡ್ರಿ. ಕಾಪಿ ಐತೆಲ್ಲ?"

ನನ್ನ ನೌಕರಿ ಅಲ್ಲಿಗೆ ಮುಗಿಯಿತೆಂದುಕೊಂಡೆ. ಮಾಸ್ತರರು ತಲೆ ಎತ್ತದೆ, "ಐತ್ರಿ. ಮೂಲಾನ ಜೀವಂತ ಇರೂವಾಗ ಅದನ್ಯಾಕ ಮುಟ್ಟೂದು? ಸಂಜಿತನಾ ಟೈಮ್ ಕೊಡ್ರಿ" ಎಂದರು.

ಆಮೇಲೆ ಒಂದರಿಂದ ಶುರು. ಒಂದು ನಂಬರು ಹೇಳುವುದು, ಯಂತ್ರ ಬಂದ್ ಮಾಡಿ ಚಾಲೂ ಮಾಡುವುದು, ಕಾಯುವುದು, ಆಗದಿದ್ದರೆ ಮುಂದಿನದು. "ಬರೇ ಓದಿ ನೋಡೂದು. ಒಂದಕ್ಷರನೂ ಬರಿಯೂದಿಲ್ಲ, ಬರದ್ರ ಕೆಟ್ಟಿತು" ಎಂದು ಎಚ್ಚರಿಸಿದರು. ಆಗದ ನಂಬರುಗಳನ್ನು ನಾನು ಕಾಗದದಲ್ಲಿ ಹೊಡೆದು ಹಾಕುತ್ತ ಹೋದೆ. ಅವರು ಊಟಕ್ಕೂ ಏಳಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ, ಮೂವತ್ತೇಳನೆಯ ನಂಬರಿಗೆ, ಡಿಸ್ಕು ಗಿರ್ರೆಂದಿತು. ಹತ್ತಿಮತ್ತೂರು, ಹಾನಗಲ್, ಶಿಗ್ಗಾವಿ ಎಂದು ನಾನು ಸಾಲಾಗಿ ಜೋಡಿಸಿದ್ದ ಊರುಗಳು ಅದೇ ಸಾಲಿನಲ್ಲಿ, ರೈತರ ಹೆಸರಿನ ಸಮೇತ ಪರದೆಯ ಮೇಲೆ ಬಂದವು. ನಾನು ಅತ್ತೇಬಿಟ್ಟೆ. ಮಾಸ್ತರರು ನನ್ನ ಮುಂದೆ ಒಂದು ಖಾಲಿ ಫ್ಲಾಪಿ ಇಟ್ಟು, "ಮೊದಲ ಕಾಪಿ ತಗಿ, ಆಮ್ಯಾಲೆ ಅಳು" ಎಂದರು. ಸಾಹೇಬರು ತಾವೇ ಅವರನ್ನು ಮೋಟರ್‌ಸೈಕಲ್ ಮೇಲೆ ಬಸ್ಸಿಗೆ ಬಿಡಲು ಹೋದರು.

ಮುಂದೆ ನನ್ನ ನೌಕರಿ ಕಾಯಂ ಆಯಿತು. ಶನಿವಾರದ ಕಾಪಿ ಒಮ್ಮೆಯೂ ತಪ್ಪಲಿಲ್ಲ. ನನ್ನ ಸಲುವಾಗಿ ಆ ಮನುಷ್ಯ ಸುಳ್ಳು ಹೇಳುವಂತಾಯಿತಲ್ಲ ಎಂಬುದು ಮಾತ್ರ ಒಳಗೊಳಗೇ ಕೊರೆಯುತ್ತಿತ್ತು. ಹಲವು ಸಲ ಸಾಹೇಬರ ಬಾಗಿಲವರೆಗೆ ಹೋಗಿ, ಧೈರ್ಯ ಸಾಲದೆ ಹಿಂದಿರುಗಿದೆ.

ಎರಡು ವರ್ಷದ ಮೇಲೆ ಒಂದು ದಿನ ಸವಣೂರಿನ ರೈತರೊಬ್ಬರು ಬಂದು, ಮಾಸ್ತರರು ಎದೆನೋವಿನಿಂದ ತೀರಿಕೊಂಡರೆಂದು ಹೇಳಿದರು. ನಾನು ಎದ್ದು ನೇರ ಸಾಹೇಬರ ಕೋಣೆಗೆ ಹೋಗಿ, ಅವತ್ತು ಕಾಪಿ ಇರಲಿಲ್ಲವೆಂದು, ತಪ್ಪೆಲ್ಲ ನನ್ನದೇ ಎಂದು ಹೇಳಿಬಿಟ್ಟೆ.

"ಗೊತ್ತೈತಿ" ಎಂದರು ಸಾಹೇಬರು. "ಅವತ್ತ ಬಸ್ ಹತ್ತೂ ಮುಂದ ಅವರ ಹೇಳಿದ್ರು. ಸುಳ್ಳ ಹೇಳೇನ್ರಿ, ಕಾಪಿ ಇರಲಿಲ್ಲ, ಆದ್ರ ನೀವು ಕೇಳಾಕ ಹೋಗಬ್ಯಾಡ್ರಿ, ಆಕಿ ತಾನ ಬಂದು ಹೇಳ್ತಾಳ ಅಂದ್ರು."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಿಕ್ಕಾಗೊಮ್ಮೆ ಕೇಳ್ತಿದ್ರು, ಹೇಳಿದ್ಲೇನ್ರಿ ಅಂತ. ಹೋದ ತಿಂಗಳನೂ ಕೇಳಿದ್ರು."