ರುದ್ರಪ್ಪನವರ ಕನ್ನಡಿ

ಕನ್ನಡಿಯ ಮೇಲೆ ‘ಹಾ’ ಅಂತ ಉಸಿರು ಬಿಟ್ಟು, ಹಳೆ ಪಂಚೆಯ ತುಂಡಿನಿಂದ ಒರೆಸುವುದು ರುದ್ರಪ್ಪನವರ ದಿನದ ಮೊದಲ ಕೆಲಸ. ಆ ಉಸಿರೇ ಅವರಲ್ಲಿ ಕಡಿಮೆ ಇದ್ದಿದ್ದು. ಭದ್ರಾವತಿಯ ಲಾರಿ ಗ್ಯಾರೇಜೊಂದರಲ್ಲಿ ವರ್ಷಗಟ್ಟಲೆ ಡೀಸೆಲ್ ಹೊಗೆ ಕುಡಿದು, ಆಮೇಲೆ ಶಿವಮೊಗ್ಗದ ನಮ್ಮ ಕಾಲೇಜಿನ ಲ್ಯಾಬಿಗೆ ಅಟೆಂಡರ್ ಆಗಿ ಬಂದವರು. ನಾನು ಅಲ್ಲಿ ಭೌತಶಾಸ್ತ್ರದ ಮೇಡಂ.

ಗಾಂಧಿ ಬಜಾರಿನ ಹತ್ತಿರ ಒಂದು ಶಾಲೆಯ ಗೇಟಿಗೆ ಅಂಟಿಕೊಂಡೇ ಬಸ್ ಸ್ಟಾಪ್ ಇತ್ತು. ಬಸ್ಸಿನ ಹೊಗೆ ಮಕ್ಕಳಿಗೆ ಹೊಡೆಯುತ್ತೆ, ಸ್ವಲ್ಪ ದೂರ ಸರಿಸಿ ಎಂದು ನಾವು ಕೇಳಿದರೆ, ಹೊಗೆಗೆ ಸಾಕ್ಷಿ ತನ್ನಿ ಎಂದರು ಅಧಿಕಾರಿಗಳು. ಸರಿ, ರಸ್ತೆ ಬದಿಗೆ ಒಂದು ತುದಿಯಲ್ಲಿ ಲೇಸರ್, ಇನ್ನೊಂದು ತುದಿಯಲ್ಲಿ ಕನ್ನಡಿ ಇಡೋಣ ಎಂದುಕೊಂಡೆವು. ಹೋಗಿ ಮರಳಿ ಬಂದ ಬೆಳಕು ಎಷ್ಟು ಕುಂದಿದೆಯೋ ಅಷ್ಟು ಹೊಗೆ. ನಾನು ಅವನ್ನು ಶಾಲೆಯ ಮಹಡಿ ಮೇಲೆ ಕಟ್ಟಿಸಲು ಹೊರಟರೆ ರುದ್ರಪ್ಪನವರು ರೇಗಿಬಿಟ್ಟರು.

“ಅಲ್ಲಿ ಕಾಗೆಗಳು ಉಸಿರಾಡ್ತವೆ ಮೇಡಂ. ಮಕ್ಕಳ ಮೂಗು ಎಲ್ಲಿರುತ್ತೆ ನೋಡಿ, ಅಲ್ಲಿಗಿಳಿಸಿ!”

ಕೊನೆಗೆ ಕಾಂಪೌಂಡ್ ಗೋಡೆಯ ಮೇಲೇ ಕಟ್ಟಿದೆವು.

ಆಯುಧಪೂಜೆಯ ದಿನ ಕಂಪ್ಯೂಟರಿನಲ್ಲಿ ಹೊಗೆಯ ಗೆರೆ ಎಂದೂ ಇಲ್ಲದಷ್ಟು ಮೇಲೇರಿತು. ಅಬ್ಬಾ, ಇನ್ನು ಯಾರೂ ತಕರಾರು ತೆಗೆಯುವ ಹಾಗಿಲ್ಲ ಎಂದು ನಾನು ಹಿಗ್ಗಿದೆ. ರುದ್ರಪ್ಪನವರು ಮಾತ್ರ ತಲೆ ತಗ್ಗಿಸಿ ನಿಂತರು.

“ಅದು ಹೊಗೆ ಅಲ್ಲ ಮೇಡಂ. ಬೆಳಿಗ್ಗೆ ಪೂಜೆ ಮಾಡಿ ಕನ್ನಡಿಗೆ ವಿಭೂತಿ ಹಚ್ಚಿದ್ದೆ.”

“ಬಿಡಿ, ಯಾರಿಗೆ ಗೊತ್ತಾಗುತ್ತೆ?” ಅಂದೆ. ಹೌದು, ಅಂದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

“ಮಕ್ಕಳ ವಿಷಯ ಮೇಡಂ. ಒಂದು ಸುಳ್ಳು ಸಿಕ್ಕಿದ್ರೆ ಸಾಕು, ನಮ್ಮ ನಿಜಾನೂ ಮೂಲೆಗೆ ಹಾಕ್ತಾರೆ. ಆ ದಿನಾನ ತೆಗೆದುಬಿಡಿ.”

ಹೋದ ವರ್ಷ ಬಸ್ ಸ್ಟಾಪ್ ಸರಿಸುವ ಆದೇಶ ಬಂತು. ಅದನ್ನು ಹಿಡಿದು ಭದ್ರಾವತಿಯ ರುದ್ರಪ್ಪನವರ ಮನೆಗೆ ಓಡಿದೆ. ಅಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು. ಓದಲೆಂದು ಕನ್ನಡಕ ಕೈಗೆತ್ತಿಕೊಂಡು, ಅದೇ ಹಳೆ ರೂಢಿಯಲ್ಲಿ ‘ಹಾ’ ಅಂದರು. ಗಾಜು ಮಂಜಾಗಲೇ ಇಲ್ಲ. ನಾನೇ ಸೆರಗಿನಿಂದ ಒರೆಸಿಕೊಟ್ಟೆ.

ಆದೇಶವನ್ನು ಎರಡು ಸಲ ಓದಿ ಕೇಳಿದರು: “ಆಯುಧಪೂಜೆ ದಿನದ್ದು ಸೇರಿಸಿಲ್ಲ ತಾನೆ?”

“ಇಲ್ಲ ರುದ್ರಪ್ಪನವರೇ. ಅವತ್ತೇ ತೆಗೆದೆ.”

ಕಣ್ಣು ಮುಚ್ಚಿ, ಸಾಕು ಎನ್ನುವಂತೆ ಕೈಯಾಡಿಸಿದರು. ಆ ವಾರವೇ ಹೋಗಿಬಿಟ್ಟರು.

ಹೊಗೆ ಅಳೆಯುವುದು ಇನ್ನೂ ನಿಂತಿಲ್ಲ; ಈಗ ಕನ್ನಡಿ ಒರೆಸುವುದು ನಾನು. ನನ್ನ ಉಸಿರು ಅದರ ಮೇಲೆ ದಟ್ಟವಾಗಿ ಕೂರುತ್ತದೆ. ಒರೆಸಲು ಮಾತ್ರ ಸ್ವಲ್ಪ ಹೊತ್ತು ಕೈ ಬರುವುದಿಲ್ಲ.