ಮೊರದೊಳಗಿನ ಹಿತ್ತಿಲು

ದೊಡ್ಡವ್ವನ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವಾಗಲೋ ಕುಡುಗೋಲು ತಾಗಿದ್ದು. ಮತ್ತೆ ಕೂಡಿಕೊಳ್ಳದೆ ಎರಡು ಹೋಳಾಗಿಯೇ ಬೆಳೆಯುತ್ತಿತ್ತು. ಆ ಸೀಳಿನಲ್ಲಿ ಮಣ್ಣಿನದೊಂದು ಕಪ್ಪು ಗೆರೆ ಸದಾ ಇರುತ್ತಿತ್ತು. ಹಬ್ಬದ ದಿನ ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಬೀಜ ಗಟ್ಟಿಯೋ ಜೊಳ್ಳೋ ಎಂದು ಅವಳು ಆ ಉಗುರಿನಿಂದ ಒತ್ತಿ ನೋಡುತ್ತಿದ್ದಳು.

ಅದು ಬಲಗೈ ಹೆಬ್ಬೆರಳು ಎಂದು ನನ್ನ ನೆನಪು. ಎಡಗೈ ಎಂದು ನನ್ನ ತಂಗಿ. ದೊಡ್ಡವ್ವನ ಒಂದು ಪಟವೂ ಇಲ್ಲದ್ದರಿಂದ ಈ ವ್ಯಾಜ್ಯ ತೀರುವುದಿಲ್ಲ. ಇಷ್ಟರಲ್ಲೇ ಅನುಮಾನವಿರುವವನು ಮುಂದಿನದನ್ನು ಎಷ್ಟು ಸರಿಯಾಗಿ ಹೇಳಿಯಾನು ಎಂದು ನನಗೂ ಅನ್ನಿಸುತ್ತದೆ. ಆದರೆ ಆ ವರ್ಷಗಳಲ್ಲಿ ಬರೆದ ನನ್ನ ಡೈರಿ ಉಳಿದಿದೆ. ಒಂದು ಸಂಗತಿಯಲ್ಲಿ ನನ್ನ ನೆನಪು ಒಂದು ಹೇಳುತ್ತದೆ, ಡೈರಿ ಇನ್ನೊಂದು ಹೇಳುತ್ತದೆ. ಅದು ದೊಡ್ಡವ್ವನಿಗೆ ಸಂಬಂಧಿಸಿದ್ದು.

ಅವಳು ನನ್ನ ತಾಯಿಯ ಅಕ್ಕ. ಗುಂಡ್ಲುಪೇಟೆ ಕಡೆಯ ಬೇಗೂರಿಗೆ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಿರಲಿಲ್ಲ, ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಚಾಮರಾಜನಗರದಲ್ಲಿ ನಾವಿದ್ದ ಬಾಡಿಗೆ ಮನೆಗೆ ಹಿತ್ತಿಲೆಂಬುದೇ ಇರಲಿಲ್ಲ. ಹಾಗಾಗಿ ರಜೆ ಬಂತೆಂದರೆ ನಾನು ದೊಡ್ಡವ್ವನ ಮನೆಯಲ್ಲಿ. ಐವತ್ತರ ದಶಕದ ನಡುವೆ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಗಲೂ ಅವಳು ನನ್ನನ್ನು ಕೂಸು ಎಂದೇ ಕರೆಯುತ್ತಿದ್ದಳು.

ಯುಗಾದಿ ಕಳೆದು ಎರಡು ಮೂರು ದಿನಕ್ಕೆ ಅವಳು ಮುಂದಿನ ಮಳೆಗಾಲದ ಹಿತ್ತಿಲನ್ನು ಗೊತ್ತುಮಾಡಲು ಕೂರುವಳು. ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಅವಳು, ಎದುರಿಗೆ ಒಂದು ಮೊರ. ಆ ಮೊರವೇ ಹಿತ್ತಿಲು: ಅದರ ಬೆನ್ನು ಮನೆಯ ಗೋಡೆ, ಬಾಯಿ ಕಡೆಯದು ಬಚ್ಚಲ ನೀರು ಹರಿಯುವ ತಗ್ಗು, ಎಡದ ಅಂಚು ಬೇಲಿ. ಬೂದಿ ಬೆರೆಸಿಟ್ಟ ಅವರೆ, ಅಲಸಂದೆ ಗಡಿಗೆಯಿಂದ ಬರುತ್ತಿದ್ದವು. ಒಣಗಿಸಿ ತೂಗುಹಾಕಿದ್ದ ಹೀರೆಕಾಯನ್ನು ಒಡೆದು ಕೊಡವುತ್ತಿದ್ದಳು. ಎಲ್ಲಿ ಏನು ಬಿತ್ತಬೇಕೋ ಮೊರದಲ್ಲಿ ಅಲ್ಲಲ್ಲೇ ಆ ಬೀಜ ಇಡುವಳು, ತೆಗೆಯುವಳು, ಮತ್ತೆ ಇಡುವಳು. ಒಂದು ಮಧ್ಯಾಹ್ನದ ಕೆಲಸವಲ್ಲ ಅದು. ನಾಲ್ಕೈದು ದಿನ ಮೊರ ಹಾಗೆಯೇ ಇರುತ್ತಿತ್ತು. ಯಾರೂ ದಾಟಬಾರದು.

ಒಂದು ಸಲ ನಾನು ಹಾಳೆಯ ಮೇಲೆ ಚೌಕ ಗೆರೆ ಎಳೆದು, ಯಾವ ಪಾತಿಗೆ ಯಾವ ತರಕಾರಿ ಎಂದು ಚೆಂದವಾಗಿ ಬರೆದು ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದ್ರಲ್ಲಿ ತಿನ್ನೋರು ಎಲ್ಲವ್ರೆ?”

“ತಿನ್ನೋರನ್ನ ಬರೀತಾರಾ ದೊಡ್ಡವ್ವ? ಇದು ಹಿತ್ತಿಲ ನಕ್ಷೆ.”

“ಯಾರ್ ತಿಂತಾರೆ ಅಂತ ಮೊದ್ಲು ಯೋಳು ಕೂಸೆ. ಏನ್ ಆಕನ ಅಂತ ಆಮ್ಯಾಕೆ ನೋಡನ.”

ಅವಳ ಲೆಕ್ಕವೇ ಹಾಗೆ. ಮೂರನೆಯ ಮನೆಯ ಸೊಸೆ ಬಸುರಿ, ಆಷಾಢದ ಹೊತ್ತಿಗೆ ಬಾಯಿಗೆ ರುಚಿ ಕೇಳುತ್ತಾಳೆ, ಅದಕ್ಕೆ ಬೆಂಡೆ. ಹಲ್ಲಿಲ್ಲದ ಅಗಸರ ಮುದುಕನಿಗೆ ಸೋರೆ. ನನಗೆ ಬದನೆ ತಿಂದರೆ ಮೈಯೆಲ್ಲ ಕಡಿತ, ಅದಕ್ಕೆ ಬದನೆ ನಾಲ್ಕೇ ಗಿಡ. ನನ್ನ ಹಾಳೆಯಲ್ಲಿ ಮೆಣಸಿನ ಬೀಜ ಕಟ್ಟಿಟ್ಟಳು.

ಮೊರದ ಎಡ ಮೂಲೆ ಮಾತ್ರ ಪ್ರತಿ ವರ್ಷವೂ ಕುಂಬಳದ್ದು. ಅದರಲ್ಲಿ ಯೋಚನೆಯೇ ಇಲ್ಲ. ಮದುವೆಯಾಗಿ ಬರುವ ದಿನ ಅವಳ ತಾಯಿ, ಎಂದರೆ ನನ್ನ ಅಜ್ಜಿ, ಮಡಿಲಕ್ಕಿಯ ಜೊತೆ ಕಟ್ಟಿ ಕಳಿಸಿದ ಬೀಜದ ಸಂತಾನ ಅದು. ಚಪ್ಪಟೆ ಕಾಯಿ, ಆಳವಾದ ಗೆರೆಗಳು, ಬೆಂದರೂ ಕರಗದ ಸಿಪ್ಪೆ. ತವರಿನಲ್ಲಿ ಅಜ್ಜಿಯೂ ಇರಲಿಲ್ಲ, ಆ ಬೀಜವೂ ಉಳಿದಿರಲಿಲ್ಲ.

ಇನ್ನು ಬೇಲಿಯ ವಿಷಯ. ದೊಡ್ಡವ್ವನದು ಪಾಲಾದ ಮನೆ. ಅರ್ಧದಲ್ಲಿ ಅವಳು, ಇನ್ನರ್ಧದಲ್ಲಿ ಅವಳ ಮೈದುನನ ಹೆಂಡತಿ. ನಾವು ಆಚೆಮನೆ ಚಿಕ್ಕವ್ವ ಎನ್ನುತ್ತಿದ್ದೆವು. ಪಾಲಿನಲ್ಲಿ ಒರಳು ಈಚೆಗೂ ಗುಂಡು ಆಚೆಗೂ ಬಂದು, ನೀನು ಕೊಡು ನೀನು ಕೊಡು ಎಂದು ಶುರುವಾದ ಮಾತು ಮಾತೇ ಇಲ್ಲದಲ್ಲಿಗೆ ಮುಟ್ಟಿತ್ತು. ನಾನು ಬುದ್ಧಿ ಕಂಡಾಗಿನಿಂದ ಅವರಿಬ್ಬರೂ ಎದುರೆದುರು ಮಾತಾಡಿದ್ದನ್ನು ನೋಡಿರಲಿಲ್ಲ. ಏನಾದರೂ ಹೇಳಲೇಬೇಕಾದರೆ ಕೋಳಿಗೆ ಹೇಳುತ್ತಿದ್ದರು. ಚಿಕ್ಕವ್ವನ ಕೋಳಿ ಬೇಲಿಯಲ್ಲಿ ನುಸುಳಿ ಬಂದರೆ ದೊಡ್ಡವ್ವ, “ಅಲ್ವೆ, ಕಂಡೋರ ಇತ್ಲು ಕೆರಿಯಕ್ ಬಂದಿದ್ದೀಯಲ್ಲ, ನಿಂಗಿಲ್ದಿದ್ರು ನಿನ್ನ ಸಾಕ್ದೋರ್ಗಾರ ನಾಚ್ಕೆ ಬ್ಯಾಡ್ವ?” ಎನ್ನುವಳು. ಬೇಲಿಯಾಚೆಯಿಂದ, “ಬಾರೆ ಇತ್ತಗೆ. ಉಳ ಬುಟ್ಟು ಇನ್ನೇನದೆ ಅಂತ ಅಲ್ಲಿಗ್ ಓದೆ?” ಎಂದು ಉತ್ತರ ಬರುವುದು. ನಮ್ಮಂಥವರಿಗೆ ಅದೊಂದು ನಗೆಪಾಟಲು.

ಕುಂಬಳದ ಬಳ್ಳಿ ಮಾತ್ರ ಈ ಯಾವುದನ್ನೂ ಲೆಕ್ಕಿಸದೆ ಬೇಲಿ ಹತ್ತಿ ಆಚೆಗೆ ಇಳಿಯುತ್ತಿತ್ತು. ಆಚೆ ಬಿಟ್ಟ ಕಾಯಿ ಆಚೆಯವರದು. ಅದನ್ನು ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಆ ವರ್ಷ ಯುಗಾದಿಗೆ ಮುಂಚೆಯೇ ಬಂದ ನಾನು, ಹಬ್ಬಕ್ಕೆ ಸುಣ್ಣ ಬಳಿಯುವ ಕೆಲಸ ಹಚ್ಚಿಕೊಂಡೆ. ದೊಡ್ಡವ್ವ ಕೂಳೆ ಆಯಲು ಹೊಲಕ್ಕೆ ಹೋಗಿದ್ದಳು. ಹಿತ್ತಿಲ ಕಡೆಯ ಗೋಡೆಯ ಮೇಲೆ, ಸೂರಿನ ಕೆಳಗೆ ಒಣಗಿದ ಸಗಣಿ ಬಿಲ್ಲೆಗಳು ಹತ್ತಿಪ್ಪತ್ತು ಅಂಟಿಕೊಂಡಿದ್ದವು. ಮೈಸೂರಿನಿಂದ ಬಂದ ಕಣ್ಣಿಗೆ ಅವು ಗಲೀಜು. ಕುಡುಗೋಲಿನಿಂದ ಕೆರೆದು, ಬುಟ್ಟಿಗೆ ತುಂಬಿ ತಿಪ್ಪೆಗೆ ಸುರಿದೆ. ಎರಡು ಸಲ ಸುಣ್ಣ ಬಳಿದೆ. ಗೋಡೆ ಹಾಲಿನಂತಾಯಿತು.

ಹಬ್ಬ ಕಳೆದು ಮೂರನೆಯ ದಿನ ದೊಡ್ಡವ್ವ ಮೊರ ಹಿಡಿದು ಆ ಗೋಡೆಯ ಹತ್ತಿರ ಹೋದಳು. ಸೂರಿನ ಕೆಳಗಿನ ಆ ಜಾಗವನ್ನು ಅಂಗೈಯಿಂದ ಸವರಿದಳು.

“ಇಲ್ಲಿದ್ದೊ ಅಲ್ವ ಕೂಸೆ, ಬಿಲ್ಲೆಗಳು?”

“ಕೆರೆದು ಹಾಕಿದೆ. ಏನಿತ್ತು ಅವುಗಳಲ್ಲಿ?”

“ಕುಂಬ್ಳದ ಬೀಜ.”

ಹಸಿ ಸಗಣಿಗೆ ಬೀಜ ಒತ್ತಿ ಗೋಡೆಗೆ ತಟ್ಟಿದರೆ ವರ್ಷವಾದರೂ ಹುಳ ಹಿಡಿಯುವುದಿಲ್ಲ ಎಂಬುದು ಆ ಊರಿನ ಸಣ್ಣ ಮಗುವಿಗೂ ಗೊತ್ತಿತ್ತು. ರಜೆಗೆ ಬಂದು ಹೋಗುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ನಾನು ತಿಪ್ಪೆಗೆ ಓಡಿದೆ. ಕೈಯಿಂದಲೇ ಕೆದಕಿದೆ. ಪುಡಿಯಾದ ಬಿಲ್ಲೆಗಳ ಚೂರು ಸಿಕ್ಕವು. ಒಂದು ಚೂರಿನ ಮೇಲೆ ಹೆಬ್ಬೆರಳಿನ ಉಗುರಿನ ಗುರುತಿತ್ತು, ನಡುವೆ ಸೀಳಿನ ಗೆರೆಯ ಸಮೇತ. ಬೀಜ ಒಂದೂ ಇರಲಿಲ್ಲ. ಕೋಳಿಗಳು ಕೆಲಸ ಮುಗಿಸಿದ್ದವು.

ಹಿಂದಿರುಗಿದಾಗ ದೊಡ್ಡವ್ವ ಹೊಸ್ತಿಲ ಮೇಲೆ ಕೂತಿದ್ದಳು. ನನ್ನ ಮುಖ ನೋಡಿ, “ಬುಡು, ಗ್ವಾಡೆ ಚೆಂದಾಗದೆ” ಎಂದಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಉಳಿದ ಬೀಜಗಳನ್ನೆಲ್ಲ ಮೊರದಲ್ಲಿ ಇಟ್ಟಳು. ಎಡ ಮೂಲೆ ಖಾಲಿ. ಅಲ್ಲಿ ಒಂದು ಸಲ ಅವರೆ ಇಟ್ಟಳು, ತೆಗೆದಳು. ಹೀರೆ ಇಟ್ಟಳು, ತೆಗೆದಳು. ಗುಂಡ್ಲುಪೇಟೆ ಸಂತೆಯಿಂದ ಒಳ್ಳೆ ಕುಂಬಳ ತಂದು ಬೀಜ ಮಾಡಿಕೊಡುತ್ತೇನೆ ಎಂದೆ.

“ಸಂತೇಲಿ ಕುಂಬ್ಳ ಸಿಕ್ತದೆ. ನಮ್ಮವ್ವ ಮಡ್ಲಿಗೆ ಆಕುದ್ದು ಸಿಕ್ಕದ?”

ಎರಡು ದಿನ ಮೊರ ಹಾಗೆಯೇ ಇತ್ತು. ಆ ಬೀಜ ಊರಿನಲ್ಲಿ ಇನ್ನೊಂದೇ ಮನೆಯಲ್ಲಿ ಇರಲು ಸಾಧ್ಯ, ಅದು ಯಾವ ಮನೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಹೋಗಿ ಕೇಳಲೇ ಎಂದೆ. “ನಿಂಗ್ ಕೊಟ್ರೆ ನಿಂಗ್ ಕೊಟ್ಟಂಗೆ. ನಂಗ್ ಕೊಟ್ಟಂಗಾಯ್ತದ?” ಎಂದಳು.

ಮೂರನೆಯ ದಿನ ಬೆಳಿಗ್ಗೆ ಮಿಂದು, ಮಡಿಸಿಟ್ಟಿದ್ದ ಸೀರೆ ಉಟ್ಟಳು. ಬೀಜ ಕೇಳಲು ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ. ಆ ಮನೆಯಲ್ಲಿ ಇಲ್ಲದ ಒಂದು ಬೀಜವನ್ನು ಒಯ್ಯಬೇಕು. ಮೊರದಿಂದ ಹಾಗಲದ ಬೀಜಗಳನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡಳು.

“ಹಾಗಲವೇ ಯಾಕೆ?”

“ಅವ್ಳದು ಓದ ವರ್ಸ ಉಳ ಬಿದ್ದು ಓಯ್ತು. ಬೀಜ ಮಡಗಿಲ್ಲ.”

“ನಿನಗೆ ಹೇಗೆ ಗೊತ್ತು?”

“ಬೇಲಿ ಏನು ಗ್ವಾಡೆನ?”

ಬೇಲಿಯ ಕಂಡಿಯಲ್ಲಿ ಹೋಗಿದ್ದರೆ ಹತ್ತು ಹೆಜ್ಜೆ. ಅವಳು ಬೀದಿಗೆ ಇಳಿದು, ಸುತ್ತಿ, ಮುಂಬಾಗಿಲಿಗೆ ಹೋದಳು. ನಾನು ಹಿತ್ತಿಲ ಬೇಲಿಗೆ ಕಿವಿ ಕೊಟ್ಟು ನಿಂತೆ. ಅಲ್ಲಿಂದ ಎಲ್ಲವೂ ಕೇಳಿಸಿತೆಂದು ಹೇಳಲಾರೆ. ಕೆಲವು ಮಾತನ್ನು ಚಿಕ್ಕವ್ವನೇ ಆಮೇಲೆ ಎಷ್ಟೋ ಸಲ ಹೇಳಿದ್ದರಿಂದ, ನಾನು ಕೇಳಿದ್ದು ಯಾವುದು, ಅವಳು ಹೇಳಿದ್ದು ಯಾವುದು ಎಂದು ಈಗ ಬಿಡಿಸಲಾಗುವುದಿಲ್ಲ.

“ಏನು, ದಾರಿ ತಪ್ತ?” ಎಂದಳು ಚಿಕ್ಕವ್ವ.

“ಕುಂಬ್ಳದ ಬೀಜ ಓಯ್ತು ಕಣಮ್ಮಿ.”

“ಗೊತ್ತು. ನಿಮ್ಮ ಬಿ.ಎ. ಸುಣ್ಣ ಬಳ್ದಿದ್ದ ನಾ ನೋಡ್ನಿಲ್ವ? ತಿಪ್ಪೆಗೆ ಬುಟ್ಟಿ ಸುರುದ್ದನ್ನೂ ನೋಡ್ದೆ.”

“ನೋಡ್ಕಂಡು ಸುಮ್ಕಿದ್ಯ?”

“ಯಾಕ್ ಸುಮ್ಕಿರನ? ಕೋಳಿಗೆ ಯೋಳ್ದೆ. ಕೇಳುಸ್ಕಳೋರು ಕೇಳುಸ್ಕಬೇಕಾಗಿತ್ತು.”

ದೊಡ್ಡವ್ವ ಮರಳಿದಾಗ ಅವಳ ಸೆರಗಿನಲ್ಲಿ ಒಂದು ಇಡೀ ಬಿಲ್ಲೆ ಇತ್ತು. ಅದನ್ನು ಒಡೆದು ಏಳು ಬೀಜಗಳನ್ನು ತೆಗೆದು, ಒಂದೊಂದನ್ನೂ ಉಗುರಿನಿಂದ ಒತ್ತಿ ನೋಡಿ, ಮೊರದ ಎಡ ಮೂಲೆಗೆ ಇಟ್ಟಳು. ಆಮೇಲೆ ನನ್ನನ್ನು ಕೇಳಿದಳು:

“ಅವತ್ತು ಅವ್ಳು ಕೋಳಿಗೆ ಯೋಳುದ್ಲಂತೆ. ನಿಂಗೆ ಕೇಳುಸ್ನಿಲ್ವ?”

“ಇಲ್ಲ” ಎಂದೆ.

ಈ ‘ಇಲ್ಲ’ ನಿಜವೆಂದು ನಾನು ಮೂವತ್ತು ವರ್ಷ ನಂಬಿದ್ದೆ. ಚಿಕ್ಕವ್ವ ತಾನು ಒಳ್ಳೆಯವಳಾಗಲು ಕಟ್ಟಿದ ಕತೆ ಅದು ಎಂದುಕೊಂಡಿದ್ದೆ. ಹೋದ ವರ್ಷ ಹಳೆಯ ಡೈರಿ ತೆಗೆದಾಗ ಸುಣ್ಣ ಬಳಿದ ದಿನದ ಪುಟ ಸಿಕ್ಕಿತು. ನನ್ನದೇ ಅಕ್ಷರ: “ಹಿತ್ತಿಲ ಗೋಡೆಗೆ ಸುಣ್ಣ ಬಳಿದೆ. ಆಚೆಮನೆಯವರು ಕೋಳಿಗೆ ‘ತಿನ್ನು ತಿನ್ನು, ವರ್ಸದ ಕುಂಬ್ಳನೆಲ್ಲ ಇವತ್ತೆ ತಿಂದ್ಬುಡು’ ಎಂದು ಬೈಯುತ್ತಿದ್ದರು. ನಗು ತಡೆಯಲಾಗಲಿಲ್ಲ.”

ಎಂದರೆ ಕೇಳಿಸಿತ್ತು. ಬರೆದುಕೊಳ್ಳುವಷ್ಟು ಸ್ಪಷ್ಟವಾಗಿ ಕೇಳಿಸಿತ್ತು. ದೊಡ್ಡವ್ವ ಕೇಳಿದಾಗ ನಾನು ಸುಳ್ಳು ಹೇಳಿದೆನೇ, ಅಥವಾ ಹತ್ತು ದಿನ ಕಳೆಯುವುದರೊಳಗೆ ನಿಜವಾಗಿಯೂ ಮರೆತಿದ್ದೆನೇ? ಡೈರಿಯಲ್ಲಿ ಅದಿಲ್ಲ. ಆ ‘ಇಲ್ಲ’ವನ್ನು ನಾನು ಬರೆದೇ ಇಲ್ಲ, ಮತ್ತು ಬರೆಯದಿರುವುದೇ ನನ್ನನ್ನು ಈಗ ಹೆಚ್ಚು ಕಾಡುತ್ತದೆ. ದೊಡ್ಡವ್ವ ಅಂದು ನನ್ನನ್ನು ಒಂದು ಗಳಿಗೆ ನೋಡಿ “ಆಗ್ಲಿ” ಎಂದದ್ದಷ್ಟೇ ನೆನಪು. ಅದನ್ನಾದರೂ ನಂಬಬಹುದೇ, ತಿಳಿಯದು.

ಆ ಮಳೆಗಾಲದಲ್ಲಿ ಏಳರಲ್ಲಿ ಐದು ಮೊಳೆತವು. ಕಾಯಿ ಮಾತ್ರ ಮೊದಲಿನಂತಿರಲಿಲ್ಲ. ಚಿಕ್ಕವ್ವನ ಹಿತ್ತಿಲಲ್ಲಿ ಅವಳದೇ ಒಂದು ಉದ್ದನೆಯ ಕುಂಬಳವೂ ಇತ್ತು, ಹಿಂದಿನ ವರ್ಷ ಅದರ ಹೂವಿಗೂ ಇದರ ಹೂವಿಗೂ ದುಂಬಿಗಳು ಓಡಾಡಿದ್ದವು. ಗೆರೆ ಅಜ್ಜಿಯದು, ಉದ್ದ ಆಚೆಮನೆಯದು. ದಸರೆ ರಜೆಗೆ ಬಂದ ನನಗೆ ದೊಡ್ಡವ್ವ ಅದರ ಹುಳಿ ಬಡಿಸಿ, ತಾನೂ ಒಂದು ಹೋಳು ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಅಗಿದಳು. ತನ್ನ ತಾಯಿಯದು ಹೋಯಿತೆಂದು ಅತ್ತಾಳೆಂದು ನಾನು ಕಾದೆ.

“ತಿನ್ಬೌದು” ಎಂದಳು.

ಮರು ಯುಗಾದಿಗೆ ಬಂದಾಗ ಹೊಸ್ತಿಲ ಮೇಲೆ ಇಬ್ಬರು ಕೂತಿದ್ದರು. ನಡುವೆ ಎರಡು ಮೊರ, ಅಂಚಿಗೆ ಅಂಚು ತಾಗಿಸಿ. “ನೀ ಸೋರೆ ಆಕು, ನಾ ಪಡವಲ ಆಕ್ತೀನಿ. ಇಬ್ರೂ ಸೋರೆ ಆಕಿ ದನಕ್ ಮೇಯ್ಸನ?” “ಅಕ್ಕ, ನಿನ್ನ ಬೆಂಡೆ ವಸಿ ಅತ್ತ ಸರ್ಸು, ನನ್ನ ಮೆಣ್ಸಿನ ಗಿಡುಕ್ ನೆಳ್ಳಾಯ್ತದೆ.” ಕೋಳಿಗಳನ್ನು ಯಾರೂ ಬೈಯುತ್ತಿರಲಿಲ್ಲ. ರುಬ್ಬುಗುಂಡು ಮಾತ್ರ ಕೊನೆಯವರೆಗೂ ಆಚೆಯೇ ಉಳಿಯಿತು. ಅದನ್ನು ಇಬ್ಬರೂ ಎತ್ತಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ದೊಡ್ಡವ್ವ ಹೋದಳು. ನಾನಾಗ ಗುಂಡ್ಲುಪೇಟೆಯಲ್ಲಿ ಮೇಷ್ಟ್ರಾಗಿದ್ದೆ. ಶಿವರಾತ್ರಿ ಕಳೆದು, ಚಳಿ ಬಿಟ್ಟಿತ್ತು. ಎರಡು ದಿನದ ಜ್ವರ. ತಿಥಿ ಮುಗಿದ ಮಾರನೆಯ ದಿನ ಮನೆ ಒಪ್ಪ ಮಾಡುತ್ತ ಹಿತ್ತಿಲಿಗೆ ಬಂದರೆ, ಸೂರಿನ ಕೆಳಗೆ ಬಿಲ್ಲೆಗಳ ಸಾಲು. ನಾನು ಕೈ ಚಾಚುತ್ತಿದ್ದಂತೆ ಹಿಂದಿನಿಂದ ಚಿಕ್ಕವ್ವನ ದನಿ ಬಂತು.

“ನೀ ಮುಟ್ಬ್ಯಾಡ ಕಣಪ್ಪ. ನಿನ್ ಕೈ ನಂಗೊತ್ತು.”

ಅವಳೇ ಕುಡುಗೋಲಿನ ತುದಿಯಿಂದ ಒಂದೊಂದನ್ನೂ ಬಿಡಿಸಿ ಮಡಿಲಿಗೆ ಹಾಕಿಕೊಂಡಳು. ಬೇಲಿಯ ಕಂಡಿಯಲ್ಲಿ ತನ್ನ ಹಿತ್ತಿಲಿಗೆ ದಾಟಿದಳು. ಅಲ್ಲಿ ಕೆದಕುತ್ತಿದ್ದ ಒಂದು ಹುಂಜದ ಎದುರು ನಿಂತಳು. ನನಗೆ ಬೆನ್ನು ಕಾಣುತ್ತಿತ್ತು.

“ಏನ್ ಆಕನ್ಲಾ ಈ ಸಲ?” ಎಂದು ಕೇಳಿದಳು ಅದನ್ನು. “ಯೋಳೋರು ಯಾರೂ ಇಲ್ವಲ್ಲ.”

ಹುಂಜ ಮಣ್ಣು ಕೆದಕುತ್ತಲೇ ಇತ್ತು.

“ಕುಂಬಳ ಹಾಕು ಚಿಕ್ಕವ್ವ” ಎಂದೆ, ಬೇಲಿಯ ಈಚೆಯಿಂದ.

ಚಿಕ್ಕವ್ವ ತಿರುಗಲಿಲ್ಲ. ಹುಂಜವನ್ನೇ ಕೇಳಿದಳು: “ಆಕ್ಬೌದು. ತಿನ್ನೋರ್ ಯಾರು?”

“ನಾನು ಬರ್ತೀನಿ” ಎಂದೆ.

ಆ ದಸರೆಗೆ ಹೋದೆ. ಚಿಕ್ಕವ್ವ ಇರುವವರೆಗೂ ಪ್ರತಿ ದಸರೆಗೂ ಹೋದೆ. ಇದು ಮಾತ್ರ ನೆನಪೂ ಡೈರಿಯೂ ಒಪ್ಪುವ ಸಂಗತಿ.