ಪುಡಿ ಕಲಸಿದ ಹಾಲು

ಅವತ್ತು ಹನೂರಿನ ನಮ್ಮ ಶಾಲೆಯಲ್ಲಿ ಮಕ್ಕಳು ಬಿಸಿಯೂಟಕ್ಕೆ ಕೂತಿದ್ದಾಗ ಮನೆಗೆ ಫೋನ್ ಮಾಡಿದೆ. ನಾನು ಅಲ್ಲಿ ಟೀಚರು. ಮನೆ ಇರುವುದು ಕೊಳ್ಳೇಗಾಲದಲ್ಲಿ. ನನ್ನ ರಜೆಗಳೆಲ್ಲ ಮುಗಿದಿದ್ದರಿಂದ ಮಗಳನ್ನು ನೋಡಿಕೊಳ್ಳಲು ಅವ್ವ ಅಗರದಿಂದ ಬಂದು ಕೆಲವೇ ದಿನವಾಗಿತ್ತು.

"ಪುಡಿ ಕುಡುದ್ಲಾ ಅವ್ವ?"

"ಗಟಗಟ ಕುಡ್ದುಬುಟ್ಲು ಕಣವ್ವ. ಲೋಟನೂ ನೆಕ್ಕುದ್ಲು."

ಖುಷಿಯಾಗಬೇಕಿತ್ತು. ಬದಲಿಗೆ ಅನುಮಾನ ಬಂತು.

ನನ್ನ ಮಗಳಿಗೆ ಹುಟ್ಟಿನಿಂದಲೇ ಒಂದು ತೊಂದರೆ. ಹಾಲು, ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನಿನಲ್ಲಿರುವ ಒಂದು ಅಮೈನೊ ಆಸಿಡ್ ಅವಳ ಮೈಗೆ ಅರಗುವುದಿಲ್ಲ. ಅದು ರಕ್ತದಲ್ಲಿ ಕೂಡಿಕೊಂಡರೆ ಮಿದುಳಿಗೆ ಪೆಟ್ಟು. ಅದೊಂದನ್ನು ಬಿಟ್ಟು ಮಿಕ್ಕ ಅಮೈನೊ ಆಸಿಡ್‌ಗಳನ್ನು ಸೇರಿಸಿ ಮಾಡಿದ ಪುಡಿಯೇ ಅವಳ ಪಾಲಿನ ಹಾಲು, ಬೇಳೆ ಎಲ್ಲ. ಅದರ ಜೊತೆಗೆ ತೂಗಿ ಕೊಡುವ ಅನ್ನ, ಸೋರೆಕಾಯಿ, ಹಣ್ಣು. ಪುಡಿಗೆ ಕೆಟ್ಟ ವಾಸನೆ. ಒಂದು ಲೋಟ ಕುಡಿಸುವಷ್ಟರಲ್ಲಿ ಇಬ್ಬರೂ ಅತ್ತಿರುತ್ತಿದ್ದೆವು.

"ಏತ್ರಲ್ಲಿ ಕಲಸ್ದೆ?"

"ಬಿಸಿ ಆಲಲ್ಲಿ. ಸಕ್ರೆ ಆಕಿ, ಒಸಿ ಉರ್ಗಡ್ಲೆ ಇಟ್ಟೂ ಬೆರಸ್ದೆ."

"ಆಲು ಕೊಡಬ್ಯಾಡ ಅಂದಿದ್ನಲ್ಲವ್ವ."

"ಬರೀ ಆಲು ಕೊಟ್ನಾ? ಮದ್ದು ಬೆರ್ಸಿ ಕೊಟ್ಟೆ. ಮದ್ದು ಜೊತ್ಗಿರುವಾಗ ಆಲು ಏನ್ ಮಾಡದು?"

"ಇನ್ನೇನೂ ಕೊಡಬ್ಯಾಡ, ಈಗ್ಲೇ ಬತ್ತೀನಿ" ಎಂದು ಫೋನಿಟ್ಟೆ. ಹೆಡ್ಮಾಸ್ಟರಿಗೆ ಹೇಳಿ ಸಿಕ್ಕ ಬಸ್ಸು ಹತ್ತಿದೆ. ಸೀಟಿದ್ದರೂ ಕೂರಲಾಗದೆ ಬಾಗಿಲ ಬಳಿ ಕಂಬಿ ಹಿಡಿದು ನಿಂತೆ. ಕೈಯೆತ್ತಿದವರಿಗೆಲ್ಲ ಬಸ್ಸು ನಿಲ್ಲುತ್ತಿತ್ತು. ಒಬ್ಬರು ಮೇವಿನ ಮೂಟೆ ಹತ್ತಿಸಿದರು, ಇಳಿಸಲು ಮತ್ತೆ ನಿಲ್ಲಿಸಿದರು. ಮಗಳ ಪಥ್ಯ ನೋಡುವ ಮೈಸೂರಿನ ಆಸ್ಪತ್ರೆಯ ಮೇಡಮ್‌ಗೆ ಫೋನ್ ಮಾಡಿದರೆ ಸಿಗ್ನಲ್ ಬರುತ್ತಿತ್ತು, ಹೋಗುತ್ತಿತ್ತು. ಕೊನೆಗೆ ಸಿಕ್ಕರು.

"ಗಾಬರಿ ಬೇಡ. ಒಂದು ಸಲಕ್ಕೆ ಏನೂ ಆಗಿಬಿಡಲ್ಲ. ಆದರೆ ಆ ಪುಡಿ ಅನ್ನೋದು ಹಾಲಿನ ವಿಷ ತೆಗೆಯೋ ಔಷಧಿ ಅಲ್ಲ, ಅದು ಊಟ. ಹಾಲು ಹೋಗಿದೆ ಅಂತ ಪುಡಿ ಜಾಸ್ತಿ ಮಾಡಬೇಡಿ, ನಿಲ್ಲಿಸಲೂಬೇಡಿ. ಇವತ್ತು ರಾತ್ರಿ ಅನ್ನದ ಬದಲು ಹಣ್ಣು, ತರಕಾರಿ ಕೊಡಿ. ರಕ್ತದ ಪರೀಕ್ಷೆಗೆ ಬನ್ನಿ."

ಮನೆಗೆ ಬಂದರೆ ಮಗಳು ಜಗಲಿಯ ಮೇಲೆ ಚೆನ್ನಾಗಿಯೇ ಆಡುತ್ತಿದ್ದಳು. ಅವ್ವ ಚೀಲಕ್ಕೆ ಸೀರೆ ತುಂಬುತ್ತಿದ್ದಳು.

"ನಾನು ಊರ್ಗೆ ಓಯ್ತೀನಿ. ನನ್ ಕೈಯಿಂದ ಕೂಸ್ಗೆ ಕೆಟ್ಟದ್ದಾಗದು ಬ್ಯಾಡ."

"ನೀನು ಓದ್ರೆ ನಾನು ಇನ್ಯಾರ್ನ ಕರೀಲಿ?"

ಚೀಲ ಕಸಿದು ಪಕ್ಕಕ್ಕಿಟ್ಟು, ಮೇಡಮ್ ಹೇಳಿದ್ದನ್ನೆಲ್ಲ ಕೂತು ಹೇಳಿದೆ. ಬಿಸಿಯದರಲ್ಲಿ ಕಲಸಿದರೆ ಸತ್ವ ಕೆಡುತ್ತದೆ. ಕಲಸಿಟ್ಟು ಆಮೇಲೆ ಕೊಡಬಾರದು. ಒಂದೇ ಸಲಕ್ಕಲ್ಲ, ದಿನದ ಒಂದೊಂದು ಊಟದ ಜೊತೆ ಒಂದೊಂದು ಪಾಲು. ಎಲ್ಲ ಮುಗಿದ ಮೇಲೆ ಅವ್ವ ಕೇಳಿದ್ದು ಒಂದೇ ಮಾತು:

"ಪಾನಕದಲ್ಲಿ ಕಲ್ಸಬೌದಾ? ತಣ್ಣಗೇ ಇರ್ತದಲ್ಲ."

ಮೇಡಮ್‌ರನ್ನು ಕೇಳಿದೆ. ಆಗಬಹುದು, ಬೆಲ್ಲ ಮಿತವಾಗಿರಲಿ ಎಂದರು. ನಿಂಬೆಹುಳಿ, ಏಲಕ್ಕಿಗೆ ವಾಸನೆ ಅರ್ಧಕ್ಕರ್ಧ ಅಡಗಿತು. ಮಗಳು ಮುಖ ಕಿವುಚಿದಳು, ಆದರೂ ಕುಡಿದಳು.

ರಕ್ತದ ಪರೀಕ್ಷೆಯ ವರದಿ ಬರುವವರೆಗೆ ನನಗೆ ಎಲ್ಲೂ ಕಾಲು ನಿಲ್ಲಲಿಲ್ಲ. ಮಗಳು ತಡವಾಗಿ ಎದ್ದರೆ ಭಯ, ಬೇಗ ಎದ್ದರೂ ಭಯ. ರಕ್ತದಲ್ಲಿ ಆ ಅಂಶ ಸ್ವಲ್ಪ ಏರಿತ್ತು. ಮುಂದಿನ ಪರೀಕ್ಷೆಗೆ ಇಳಿಯಿತು.

ಆಮೇಲೆ ಅವ್ವನ ಕಣ್ಣು ತಪ್ಪಿಸಿ ಯಾರೂ ಏನೂ ತಿನ್ನಿಸುವಂತಿರಲಿಲ್ಲ. ಯಳಂದೂರಿನ ನೆಂಟರ ಮನೆಯಲ್ಲಿ ಒಬ್ಬರು ಪ್ರೀತಿಯಿಂದ ಪೇಡ ಹಿಡಿದು ಬಂದಾಗ ಅವ್ವ ಕೈ ಅಡ್ಡ ಇಟ್ಟಳು.

"ಕೊಡಬ್ಯಾಡಿ ಕಣ್ರಿ."

"ಒಂದ್ ಚೂರ್ಗೆ ಏನಾಯ್ತದೆ?"

"ಏನಾಯ್ತದೆ ಅಂತ ನಾನು ನೋಡಿವ್ನಿ."

ಈಗ ಮಗಳು ಅಂಗನವಾಡಿಗೆ ಹೋಗುತ್ತಾಳೆ. ಅಲ್ಲಿ ಹಾಲು ಹಂಚುವ ಹೊತ್ತಿಗೆ ಅವಳೇ ಎದ್ದು ಕಿಟಕಿಯ ಬಳಿ ಹೋಗಿ ನಿಲ್ಲುತ್ತಾಳಂತೆ. ಅವಳ ಟೀಚರು ಅದನ್ನು ಮೆಚ್ಚಿ ಹೇಳಿದರು. ನನಗೆ ಮಾತ್ರ ಅದನ್ನು ಕೇಳಿದಾಗಿನಿಂದ, ಅಲ್ಲಿ ನಿಂತು ಅವಳು ಏನು ನೋಡುತ್ತಾಳೋ ಎಂಬ ಯೋಚನೆ.